ಅಕಾಲದ ಮಳೆ, ತಾಳ ತಪ್ಪಿದ ಜೀವಿಗಳು: ಹವಾಗುಣ ಬದಲಾವಣೆಯ ಕುರುಹುಗಳು

ಋತುವಿಗೆ ಹೊಂದದ ಮಳೆ, ಬಿಸಿಲು, ಚಳಿ. ಪ್ರಾಣಿಪಕ್ಷಿಗಳ ವಲಸೆ, ಮೊಟ್ಟೆಯಿಡುವ ಕಾಲ, ನೆಲೆ, ಮೈಬಣ್ಣಗಳಲ್ಲಿ ಕಾಣುವ ಏರುಪೇರು: ಇವು ಭೂಮಿಯ ಹವಾಗುಣ ಬದಲಾಗುತ್ತಿರುವುದರ ಕುರುಹುಗಳಾಗಬಲ್ಲವು. ಆದರೆ ಎಲ್ಲ ಏರುಪೇರೂ ಕುರುಹಾಗುವುದಿಲ್ಲ. ಇವತ್ತು ಸುರಿದ ಮಳೆ ಹವಾಮಾನದ ಸಂಗತಿ. ಅದೇ ಊರಿನ ಮೂವತ್ತು ವರ್ಷಗಳ ಮಳೆಬಿಸಿಲಿನ ಸರಾಸರಿಯನ್ನು ಹವಾಗುಣ ಎನ್ನುತ್ತಾರೆ. ಹೀಗಾಗಿ ಒಂದು ಘಟನೆ ಎಷ್ಟು ಬೆರಗು ಹುಟ್ಟಿಸಿತು ಎಂದು ಕೇಳಿ ಪ್ರಯೋಜನವಿಲ್ಲ. ಅದು ಯಾವ ದಿನ ನಡೆಯಿತು, ಎಷ್ಟು ವರ್ಷಗಳಿಂದ ಯಾವ ಕಡೆಗೆ ಸರಿಯುತ್ತಿದೆ ಎಂದು ಕೇಳಬೇಕು. ಹೂವರಳುವ, ಎಲೆ ಚಿಗುರುವ, ಹಕ್ಕಿ ಬರುವ, ಕಪ್ಪೆ ಕೂಗುವ ದಿನಗಳನ್ನು ವರ್ಷ ವರ್ಷ ಗುರುತಿಸಿ ಹೋಲಿಸುವ ಶಾಸ್ತ್ರಕ್ಕೆ ಫಿನಾಲಜಿ ಎಂದು ಹೆಸರು.

1850-1900ರ ಸರಾಸರಿಗೆ ಹೋಲಿಸಿದರೆ 2011-2020ರ ದಶಕದಲ್ಲಿ ಭೂಮೇಲ್ಮೈಯ ಉಷ್ಣತೆ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಈ ಏರಿಕೆ 1.5 ಡಿಗ್ರಿಯನ್ನು ದಾಟಿದ ಮೊದಲ ವರ್ಷ 2024. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. ಹಿಂದೂ ಮಹಾಸಾಗರದ ಉಷ್ಣವಲಯದ ನೀರು 1951ರಿಂದ 2015ರ ನಡುವೆ ಸುಮಾರು 1 ಡಿಗ್ರಿ ಬೆಚ್ಚಗಾಗಿದೆ. ಇವು ಕೇಳಲು ಸಣ್ಣ ಸಂಖ್ಯೆಗಳು. ಮೊಟ್ಟೆಯೊಳಗಿನ ಮರಿಗೆ, ಮೊಗ್ಗಿಗೆ, ಮೀನಿನ ಆಹಾರವಾದ ಪ್ಲವಕಗಳಿಗೆ ಇವು ಸಣ್ಣವಲ್ಲ.

ಮಳೆ ನಕ್ಷತ್ರಗಳ ಲೆಕ್ಕ

ಕರ್ನಾಟಕದ ರೈತರು ಮಳೆಯನ್ನು ಕರೆಯುವುದು ತಿಂಗಳಿನ ಹೆಸರಿನಿಂದಲ್ಲ, ನಕ್ಷತ್ರದ ಹೆಸರಿನಿಂದ. ಏಪ್ರಿಲ್ 14ರ ಹೊತ್ತಿಗೆ ಸೂರ್ಯ ಅಶ್ವಿನಿಗೆ ಬಂದಾಗ ಲೆಕ್ಕ ಶುರುವಾಗುತ್ತದೆ. ಭರಣಿ, ಕೃತ್ತಿಕೆ, ರೋಹಿಣಿ ಕಳೆದು ಜೂನ್ 8ರ ಸುಮಾರಿಗೆ ಮೃಗಶಿರ, 22ರ ಸುಮಾರಿಗೆ ಆರಿದ್ರ ಹುಟ್ಟುತ್ತದೆ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಭರಣಿಯಲ್ಲಿ ನೆಲ ನೆಂದರೆ ಉಳುಮೆ, ಮೃಗಶಿರಕ್ಕೆ ಬಿತ್ತನೆ, ಆರಿದ್ರಕ್ಕೆ ಮಲೆನಾಡಿನ ಹಳ್ಳಗಳು ತುಂಬಬೇಕು, ಸ್ವಾತಿ ವಿಶಾಖೆಗೆ ಬಯಲುಸೀಮೆಯ ಹಿಂಗಾರಿಗೆ ಹದ ಸಿಗಬೇಕು. ತಲೆಮಾರುಗಳು ಕಣ್ಣಲ್ಲಿ ಕಂಡು ಬಾಯಲ್ಲಿ ಉಳಿಸಿಕೊಂಡ ಹವಾಗುಣದ ದಾಖಲೆ ಇದು.

ಈಗ ಹಳ್ಳಿಹಳ್ಳಿಯಲ್ಲೂ ಕೇಳುವ ಮಾತು: ನಕ್ಷತ್ರಕ್ಕೆ ಸರಿಯಾಗಿ ಮಳೆ ಆಗುತ್ತಿಲ್ಲ. ಇದನ್ನು ಒಪ್ಪುವ ಮೊದಲು ಪಂಚಾಂಗದೊಳಗಿನ ಒಂದು ಸಣ್ಣ ಜಾರುವಿಕೆಯನ್ನು ಕಳೆದು ನೋಡಬೇಕು. ನಮ್ಮ ನಕ್ಷತ್ರಗಣನೆ ಸೂರ್ಯನ ಚಲನೆಯನ್ನು ಸ್ಥಿರ ನಕ್ಷತ್ರಗಳಿಗೆ ಹೋಲಿಸಿ ಅಳೆಯುವ ನಿರಯನ ಪದ್ಧತಿಯದು. ಅದರ ವರ್ಷ ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಹೀಗಾಗಿ ಸುಮಾರು 71 ವರ್ಷಕ್ಕೊಮ್ಮೆ ನಕ್ಷತ್ರ ಹುಟ್ಟುವ ದಿನ ಋತುವಿಗಿಂತ ಒಂದು ದಿನ ಹಿಂದೆ ಬೀಳುತ್ತದೆ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಹೆಚ್ಚುಕಡಿಮೆ ಒಂದು ಮಳೆ ನಕ್ಷತ್ರ. ಇಂದು ಮೃಗಶಿರದ ಹೆಸರಿನಲ್ಲಿ ಬೀಳುವ ಮಳೆ ಸಾವಿರ ವರ್ಷದ ಹಿಂದೆ ಆರಿದ್ರದ ಲೆಕ್ಕಕ್ಕೆ ಸೇರುತ್ತಿತ್ತು. ಆದರೆ ಒಬ್ಬ ರೈತನ ಜೀವಮಾನದಲ್ಲಿ ಈ ಜಾರುವಿಕೆ ಒಂದು ದಿನಕ್ಕೆ ಮೀರದು. ಎಪ್ಪತ್ತು ದಾಟಿದ ಬೇಸಾಯಗಾರರೊಬ್ಬರು ತಾವು ಹುಡುಗನಾಗಿದ್ದಾಗ ಕಂಡ ಮಳೆಗೂ ಈಗಿನ ಮಳೆಗೂ ವಾರಗಟ್ಟಲೆ ವ್ಯತ್ಯಾಸ ಇದೆ ಎಂದರೆ ಅದಕ್ಕೆ ಪಂಚಾಂಗ ಕಾರಣವಲ್ಲ. ಅವರ ಮಾತನ್ನು ನೆನಪಿನ ಮಬ್ಬು ಎಂದು ತಳ್ಳಿಹಾಕದೆ ಮಳೆಮಾಪಕದ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಪ್ರಾಣಿಗಳನ್ನು ನೋಡಿ ಮಳೆ ಹೇಳುವ ರೂಢಿಯೂ ಹಳೆಯದು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತವೆ, ಈಚಲು ಹುಳುಗಳು ದೀಪಕ್ಕೆ ಮುತ್ತುತ್ತವೆ. ಮಲೆನಾಡಿನಲ್ಲಿ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನುಗಳು ಕೆಂಪು ನೀರಿನ ವಿರುದ್ಧ ಈಜಿ ಗದ್ದೆಗಳಿಗೆ ನುಗ್ಗುತ್ತವೆ. ಜನ ಅವನ್ನು ಹತ್ತುಮೀನು ಎನ್ನುತ್ತಾರೆ. ಗಾಳಿಯ ತೇವ, ನೆಲದ ಹಸಿ, ನೀರಿನ ಹರಿವುಗಳಿಗೆ ಆ ಜೀವಿಗಳು ಕೊಡುವ ಉತ್ತರ ಇದು. ಇದರಿಂದ ತಿಳಿಯುವುದು ಇವತ್ತಿನ, ನಾಳೆಯ ಸುದ್ದಿ ಮಾತ್ರ. ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆಯಿಟ್ಟರೆ ನಾಲ್ಕು ತಿಂಗಳು ಮಳೆ ಎಂಬ ನಂಬಿಕೆ ಅಷ್ಟನ್ನೂ ತಿಳಿಸುವುದಿಲ್ಲ, ಏಕೆಂದರೆ ಆ ಹಕ್ಕಿ ಬರಗಾಲದಲ್ಲೂ ಸಾಮಾನ್ಯವಾಗಿ ನಾಲ್ಕೇ ಮೊಟ್ಟೆ ಇಡುತ್ತದೆ. ಆದರೆ ಹತ್ತುಮೀನು ಹತ್ತಿದ ಮೊದಲ ದಿನವನ್ನು ಯಾರಾದರೂ ನಲವತ್ತು ವರ್ಷ ಬಿಡದೆ ಬರೆದಿಟ್ಟಿದ್ದರೆ ಆ ಪುಸ್ತಕವೇ ಹವಾಗುಣದ ದಾಖಲೆಯಾಗುತ್ತದೆ.

ದಿನಾಂಕ ಬರೆದಿಟ್ಟವರು

ಇಂಥ ದಾಖಲೆಗಳಲ್ಲಿ ಅತ್ಯಂತ ಉದ್ದನೆಯದು ಜಪಾನಿನ ಕ್ಯೋಟೊ ನಗರದ್ದು. ಒಂಬತ್ತನೆಯ ಶತಮಾನದಿಂದ ಅಲ್ಲಿನ ಅರಮನೆಯವರು, ಶ್ರೀಮಂತರು, ಬೌದ್ಧ ಭಿಕ್ಷುಗಳು ಚೆರ್ರಿ ಹೂವಿನ ಹಬ್ಬದ ದಿನಗಳನ್ನು ದಿನಚರಿಗಳಲ್ಲಿ ಬರೆದಿದ್ದರು. ಯಸುಯುಕಿ ಅವೊನೊ ಎಂಬ ವಿಜ್ಞಾನಿ ಆ ಹಳೆಯ ಬರಹಗಳನ್ನೆಲ್ಲ ಓದಿ, ಹೂ ಪೂರ್ತಿ ಅರಳಿದ ದಿನಗಳನ್ನು ಹೆಕ್ಕಿ ಸಾಲಾಗಿ ಜೋಡಿಸಿದರು. 1409ರಲ್ಲಿ ಮಾರ್ಚ್ 27ಕ್ಕೆ ಅರಳಿದ್ದು ಶತಮಾನಗಳ ಕಾಲ ಅತಿ ಬೇಗನೆಯದಾಗಿ ಉಳಿದಿತ್ತು. 2021ರಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿತು. ಒಂದು ದಿನದ ವ್ಯತ್ಯಾಸಕ್ಕೆ ಇಷ್ಟು ತೂಕ ಬಂದದ್ದು ಅದರ ಹಿಂದಿರುವ ಸಾವಿರದ ಇನ್ನೂರು ವರ್ಷಗಳ ಅಂಕಿಗಳಿಂದ. ಆ ದಿನಗಳನ್ನು ಗುರುತಿಸಿದ ನಕ್ಷೆಯಲ್ಲಿ ಈಚಿನ ದಶಕಗಳ ಬಿಂದುಗಳು ಕ್ರಮವಾಗಿ ಕೆಳಕ್ಕೆ, ಅಂದರೆ ಇನ್ನೂ ಬೇಗನೆಯ ದಿನಗಳ ಕಡೆಗೆ, ಇಳಿಯುವುದು ಬರಿಗಣ್ಣಿಗೇ ಕಾಣುತ್ತದೆ. ನಗರದ ಕಾಂಕ್ರೀಟಿನ ಶಾಖವೂ ಅದರಲ್ಲಿ ಒಂದು ಪಾಲು ಸೇರಿದೆ.

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ರಾಬರ್ಟ್ ಮಾರ್ಶಮ್ 1736ರಲ್ಲಿ ತನ್ನ ಜಮೀನಿನಲ್ಲಿ ವಸಂತದ ಇಪ್ಪತ್ತೇಳು ಕುರುಹುಗಳನ್ನು ಗುರುತುಹಾಕಿಕೊಳ್ಳಲು ತೊಡಗಿದ. ಅವನ ಮನೆತನದವರು 1958ರವರೆಗೆ ಆ ಕೆಲಸವನ್ನು ಮುಂದುವರಿಸಿದರು. ಅಮೆರಿಕದ ಹೆನ್ರಿ ಡೇವಿಡ್ ಥೋರೊ 1850ರ ದಶಕದಲ್ಲಿ ಕಾಂಕರ್ಡಿನ ಹೂಗಳ ದಿನಾಂಕಗಳನ್ನು ಬರೆದಿಟ್ಟ. ನೂರೈವತ್ತು ವರ್ಷಗಳ ನಂತರ ರಿಚರ್ಡ್ ಪ್ರೈಮಾಕ್ ಅದೇ ಊರಿನಲ್ಲಿ ಅವೇ ಹೂಗಳನ್ನು ಗಮನಿಸಿ, ಅವು ಈಗ ಬೇಗ ಅರಳುತ್ತಿರುವುದನ್ನು ತೋರಿಸಿದರು. 2003ರಲ್ಲಿ ಕಮಿಲ್ ಪಾರ್ಮಸಾನ್ ಮತ್ತು ಗ್ಯಾರಿ ಯೋಹಿ 1,700ಕ್ಕೂ ಹೆಚ್ಚು ಜೀವಿಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ವಸಂತದ ಘಟನೆಗಳು ದಶಕಕ್ಕೆ ಸರಾಸರಿ 2.3 ದಿನ ಮುಂಚೆ ಬರುತ್ತಿದ್ದವು. ಜೀವಿಗಳ ನೆಲೆಗಳ ಅಂಚು ದಶಕಕ್ಕೆ ಸರಾಸರಿ 6.1 ಕಿಲೋಮೀಟರಿನಂತೆ ಧ್ರುವಗಳ ಕಡೆಗೆ ಸರಿಯುತ್ತಿತ್ತು. ಒಂದು ಜೀವಿ ಸರಿದಾಡಿದ್ದಕ್ಕೆ ನೂರು ಕಾರಣ ಇರಬಹುದು. ಸಾವಿರಾರು ಜೀವಿಗಳಲ್ಲಿ ಬಹುಪಾಲು ಒಂದೇ ಕಡೆಗೆ ಸರಿದರೆ ಅದಕ್ಕೆ ಒಂದು ದೊಡ್ಡ ಕಾರಣವೇ ಇರಬೇಕು.

ನಮ್ಮಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2010ರಲ್ಲಿ ಹೊರಟ ಸೀಸನ್‌ವಾಚ್ ಯೋಜನೆಯಲ್ಲಿ ಶಾಲೆಯ ಮಕ್ಕಳೂ ಸಾರ್ವಜನಿಕರೂ ಮಾವು, ಹಲಸು, ಹುಣಸೆ, ಕಕ್ಕೆ ಮರಗಳನ್ನು ವಾರವಾರ ನೋಡಿ ವರದಿ ಮಾಡುತ್ತಾರೆ. ವಿಷು ಹಬ್ಬದ ಹೊತ್ತಿಗೆ ಅರಳಬೇಕಾದ ಕಕ್ಕೆ ಹೂವು ಎಷ್ಟೋ ವಾರ ಮೊದಲೇ ಅರಳುವುದನ್ನು ಕೇರಳದಲ್ಲಿ ಗುರುತಿಸಲಾಗಿದೆ. ಉಷ್ಣವಲಯದ ದೇಶಗಳಲ್ಲಿ ಹಳೆಯ ದಿನಾಂಕಗಳ ಸಾಲು ಸಿಗುವುದು ಅಪರೂಪ. ಈ ಮಕ್ಕಳ ನೋಟ್‌ಬುಕ್ಕುಗಳ ಬೆಲೆ ತಿಳಿಯುವುದು ಇನ್ನು ಮೂವತ್ತು ವರ್ಷಗಳ ಮೇಲೆ.

ತಾಳ ತಪ್ಪುವುದು

ಜೀವಿಗಳು ಬೇರೆಬೇರೆ ಗಡಿಯಾರ ನೋಡಿಕೊಂಡು ಬದುಕುತ್ತವೆ. ಕೆಲವಕ್ಕೆ ಹಗಲಿನ ಉದ್ದವೇ ಗಡಿಯಾರ, ಕೆಲವಕ್ಕೆ ಶಾಖ, ಕೆಲವಕ್ಕೆ ಮಳೆ. ಭೂಮಿ ಬೆಚ್ಚಗಾದರೂ ಹಗಲಿನ ಉದ್ದ ಬದಲಾಗುವುದಿಲ್ಲ. ತೊಂದರೆ ಶುರುವಾಗುವುದು ಇಲ್ಲಿಂದ.

ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿದ್ದು ನೆದರ್ಲ್ಯಾಂಡ್ಸಿನ ಒಂದು ಪುಟ್ಟ ಕಪ್ಪುಬಿಳಿ ನೊಣಹಿಡುಕ ಹಕ್ಕಿ. ಚಳಿಗಾಲವನ್ನು ಪಶ್ಚಿಮ ಆಫ್ರಿಕದಲ್ಲಿ ಕಳೆದು ವಸಂತದಲ್ಲಿ ಯುರೋಪಿನ ಓಕ್ ಕಾಡುಗಳಿಗೆ ಮರಳುವ ಹಕ್ಕಿ ಇದು. ಓಕ್ ಮರ ಚಿಗುರಿದಾಗ ಎಳೆಯ ಎಲೆ ತಿನ್ನುವ ಕಂಬಳಿಹುಳುಗಳು ಕೆಲವೇ ವಾರ ಹೇರಳವಾಗಿರುತ್ತವೆ. ಮರಿಗಳ ಬಾಯಿಗೆ ಗುಟುಕು ಬೀಳಬೇಕಾದದ್ದು ಆ ವಾರಗಳಲ್ಲೇ. ವಸಂತ ಬೆಚ್ಚಗಾದಂತೆ ಓಕ್ ಬೇಗ ಚಿಗುರಿತು, ಹುಳುವೂ ಬೇಗ ಹುಟ್ಟಿತು. ಆದರೆ ಆಫ್ರಿಕದಲ್ಲಿ ಕುಳಿತ ಹಕ್ಕಿಗೆ ಯುರೋಪಿನ ಬಿಸುಪು ತಿಳಿಯುವ ದಾರಿಯಿಲ್ಲ. ಅದು ಹಗಲಿನ ಅಳತೆ ನೋಡಿ ಹಳೆಯ ದಿನಕ್ಕೇ ಹೊರಡುತ್ತದೆ. ಬಂದಿಳಿದ ಮೇಲೆ ಗೂಡು, ಮೊಟ್ಟೆಗಳ ಕೆಲಸವನ್ನು ಎಷ್ಟು ಅವಸರಿಸಿದರೂ ಹುಳುವಿನ ವೇಗಕ್ಕೆ ಸಾಲಲಿಲ್ಲ. ಕ್ರಿಸ್ಟಿಯಾನ್ ಬೋತ್ ಮತ್ತು ಮಾರ್ಸೆಲ್ ವಿಸರ್ 2001ರಲ್ಲಿ ಇದನ್ನು ಪ್ರಕಟಿಸಿದರು. 2006ರ ಮುಂದಿನ ಅಧ್ಯಯನ ಇನ್ನೂ ಕಠಿಣ ಸತ್ಯವನ್ನು ಹೊರಗಿಟ್ಟಿತು: ಹುಳುಗಳ ಸುಗ್ಗಿ ಅತಿ ಬೇಗ ಮುಗಿಯುವ ಕಾಡುಗಳಲ್ಲಿ ಎರಡು ದಶಕಗಳೊಳಗೆ ಈ ಹಕ್ಕಿಗಳ ಸಂಖ್ಯೆ ಸುಮಾರು ಶೇಕಡ 90ರಷ್ಟು ಕುಸಿದಿತ್ತು. ಆ ವರ್ಷಗಳಲ್ಲಿ ಕಾಡಿಗೆ ಹೋದವರಿಗೆ ವಿಚಿತ್ರವೇನೂ ಕಂಡಿರಲಾರದು. ಹಕ್ಕಿ ಎಂದಿನ ದಿನಕ್ಕೇ ಬರುತ್ತಿತ್ತು.

ಮೈಬಣ್ಣದ ವಿಷಯದಲ್ಲೂ ಇಂಥದ್ದು ಕಾಣುತ್ತದೆ. ಕೆನಡದ ಹಿಮಮೊಲ ತನ್ನ ಬಿಳಿ ತುಪ್ಪಳ ಉದುರುವ ಮೊದಲೇ ಹಿಮ ಕರಗಿ, ಕಂದು ನೆಲದ ಮೇಲೆ ಬೇಟೆಪ್ರಾಣಿಗೆ ಎದ್ದು ಕಾಣುತ್ತದೆ. ಫಿನ್ಲೆಂಡಿನ ಒಂದು ಜಾತಿಯ ಗೂಬೆಗಳಲ್ಲಿ ಹಿಮ ಕಡಿಮೆಯಾದಂತೆ ಬೂದುಬಣ್ಣದವುಗಳ ನಡುವೆ ಕಂದುಬಣ್ಣದವುಗಳ ಪಾಲು ಹೆಚ್ಚಿದೆ.

ಇಂಥದ್ದೇ ತಾಳದ ಕಥೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿದೆ. ಕಾಫಿಯ ಮೊಗ್ಗು ಬೇಸಿಗೆಯ ಬರದಲ್ಲಿ ನಿದ್ದೆ ಹೋಗಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್ಲಿನ ನಡುವೆ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಒಮ್ಮೆಲೇ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ಹಬ್ಬುತ್ತದೆ. ಹೂವಿನ ಆಯುಸ್ಸು ಎರಡು ಮೂರು ದಿನ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ ಅಷ್ಟರೊಳಗೆ ಹೆಜ್ಜೇನು, ತುಡುವೆ ಜೇನುಗಳು ಬಂದು ಹೋಗಬೇಕು. 2021ರ ಜನವರಿಯ ಮೊದಲ ವಾರ ಜೋರು ಮಳೆ ಸುರಿದಾಗ ಹಣ್ಣು ಇನ್ನೂ ಗಿಡದಲ್ಲಿತ್ತು. ಕೊಯ್ದದ್ದು ಕಣದಲ್ಲಿ ನೆನೆಯಿತು, ಮಾಗಿದ್ದು ನೆಲಕ್ಕುದುರಿತು. ಕೆಲವು ತೋಟಗಳಲ್ಲಿ ಹಣ್ಣಿರುವ ರೆಂಬೆಯಲ್ಲೇ ಹೂವೂ ಬಂತು. ಹಣ್ಣು ಬಿಡಿಸಲು ಕೈ ಹಾಕಿದರೆ ಮುಂದಿನ ವರ್ಷದ ಬೆಳೆ ಬೆರಳಿಗೆ ಅಂಟಿಕೊಂಡು ಬರುತ್ತಿತ್ತು. ಒಂದು ಜನವರಿಯ ಮಳೆಯಿಂದ ಏನನ್ನೂ ಸಾಧಿಸಲಾಗದು ಎಂಬುದು ನಿಜ. ಆದರೆ ಕೊಡಗಿನ ಬೆಳೆಗಾರರ ಮನೆಗಳಲ್ಲಿ ಅಂಗಳದ ಮಳೆಮಾಪಕವನ್ನು ಬೆಳಿಗ್ಗೆ ನೋಡಿ ಇಂಚು, ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುವ ಪದ್ಧತಿ ತಲೆಮಾರುಗಳಿಂದ ಇದೆ. ಕ್ಯೋಟೊ ದಿನಚರಿಗಳಿಗೆ ಸಮನಾಗಿ ನಿಲ್ಲುವ ವಸ್ತು ನಮ್ಮಲ್ಲಿ ಇದ್ದರೆ ಅದು ಆ ಪುಸ್ತಕಗಳೇ ಎಂದು ಧೈರ್ಯವಾಗಿ ಹೇಳಬಹುದು.

ನೆಲೆ ಬದಲಿಸಿದ ಜೀವಿಗಳು

ಮಂಗಳೂರಿನ ಬೂತಾಯಿ, ಕುಂದಾಪುರದ ಬೈಗೆ, ಕಾರವಾರದ ತಾರ್ಲೆ ಒಂದೇ ಮೀನು. 1985ಕ್ಕೂ ಮುಂಚೆ ಇದರ ಹಿಡಿತ ಬಹುಪಾಲು ಮಲಬಾರ್ ತೀರದ್ದು, ಉತ್ತರ ಅಕ್ಷಾಂಶ 8ರಿಂದ 14 ಡಿಗ್ರಿಯ ನಡುವಿನದು. ಸಮುದ್ರ ಬೆಚ್ಚಗಾದಂತೆ ಅದು ಉತ್ತರಕ್ಕೆ ಹಬ್ಬಿದ್ದನ್ನೂ ಪೂರ್ವ ಕರಾವಳಿಯ ಬಲೆಗಳಲ್ಲಿ ಹೇರಳವಾಗಿ ಬೀಳತೊಡಗಿದ್ದನ್ನೂ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಇ. ವಿವೇಕಾನಂದನ್ ಮತ್ತು ಸಂಗಡಿಗರು ತೋರಿಸಿದರು. ಬಂಗುಡೆಯೂ ಹಾಗೇ ಹರಡಿದೆ, ಜೊತೆಗೆ ಮೇಲಿನ ನೀರಿನಿಂದ ಆಳಕ್ಕೂ ಇಳಿದಿದೆ. ಇನ್ನೊಂದು ಕಡೆ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,300 ಟನ್ನಿಗೆ ಇಳಿಯಿತು. ಈ ಕುಸಿತವನ್ನು ಬಿಸಿಯೇರಿದ ಸಮುದ್ರದ ಮೇಲೊಂದೇ ಹೊರಿಸಲಾಗದು. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ಆಹಾರ ಕಡಿಮೆಯಾದದ್ದೂ ಸಣ್ಣ ಕಣ್ಣಿನ ಬಲೆಗಳಲ್ಲಿ ಮರಿಮೀನುಗಳನ್ನು ಬಾಚಿದ್ದೂ ಅದರಲ್ಲಿ ಸೇರಿವೆ. ಕಾರವಾರದ ಕಡೆ ಕಾರ್ಗಿಲ್ ಎಂದು ಕರೆಯುವ ಮೀನು ರಾಶಿರಾಶಿ ಬಲೆಗೆ ಬೀಳುವುದಕ್ಕೆ ಕಾರಣವಿನ್ನೂ ಸ್ಪಷ್ಟವಾಗಿಲ್ಲ.

ನೆಲದ ಮೇಲೆ ಸರಿಯಲು ಜಾಗವಿಲ್ಲದವರ ಪಾಡು ಬೇರೆ. ಆಸ್ಟ್ರೇಲಿಯದ ಉತ್ತರಕ್ಕಿರುವ ಬ್ರ್ಯಾಂಬಲ್ ಕೇ ಎಂಬ ಪುಟ್ಟ ಮರಳದಿಬ್ಬದಲ್ಲಿ ಮಾತ್ರ ಬದುಕಿದ್ದ ಇಲಿಯೊಂದಕ್ಕೆ ಆಸರೆಯಾಗಿದ್ದ ಹಸಿರನ್ನು ಸಮುದ್ರದ ನೀರು ಮತ್ತೆಮತ್ತೆ ನುಗ್ಗಿ ಕೊಂದಿತು. 2019ರಲ್ಲಿ ಆಸ್ಟ್ರೇಲಿಯ ಸರ್ಕಾರ ಆ ಇಲಿ ಅಳಿದುಹೋಗಿದೆ ಎಂದು ಘೋಷಿಸಿತು. ಮನುಷ್ಯರಿಂದಾದ ಹವಾಗುಣ ಬದಲಾವಣೆಯಿಂದ ಅಳಿದ ಮೊದಲ ಸಸ್ತನಿ ಎಂದು ಅದನ್ನು ಗುರುತಿಸುತ್ತಾರೆ.

ಮಳೆ, ಗಾಳಿ, ಮಿಡತೆ

ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹೀಗಾಗಿ ಮಳೆಯಿಲ್ಲದ ದಿನಗಳೂ ಹೆಚ್ಚಿ, ಬಂದಾಗ ಬಾನಿ ಕವುಚಿದಂತೆ ಸುರಿಯುವುದೂ ಹೆಚ್ಚುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರ ಪ್ರಕಾರ ಮಧ್ಯಭಾರತದಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಘಟನೆಗಳು 1950ರಿಂದ 2015ರೊಳಗೆ ಮೂರುಪಟ್ಟಾಗಿವೆ. ಅದೇ ಅವಧಿಯಲ್ಲಿ ಮುಂಗಾರಿನ ಒಟ್ಟು ಮಳೆ ಕಡಿಮೆಯಾಗಿದೆ. ಕರ್ನಾಟಕ 2018 ಮತ್ತು 2019ರಲ್ಲಿ ಕೊಡಗಿನ ಗುಡ್ಡಕುಸಿತವನ್ನೂ ಪ್ರವಾಹವನ್ನೂ ಕಂಡಿತು, 2023ರಲ್ಲಿ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿತು. ಅರಬ್ಬಿ ಸಮುದ್ರದಲ್ಲಿ 1982-2000ಕ್ಕೆ ಹೋಲಿಸಿದರೆ 2001-2019ರಲ್ಲಿ ಚಂಡಮಾರುತಗಳು ಶೇಕಡ 52ರಷ್ಟು ಹೆಚ್ಚಿವೆ. 2021ರ ಮೇ ತಿಂಗಳ ತೌಕ್ತೆ ದಕ್ಷಿಣ ಕನ್ನಡದಿಂದ ಉತ್ತರ ಕನ್ನಡದವರೆಗೆ ದಡವನ್ನು ಕೊರೆದು ಗುಜರಾತಿಗೆ ಹೋಯಿತು.

ಗಾಳಿಮಳೆಯ ವೈಚಿತ್ರ್ಯವೂ ಪ್ರಾಣಿಗಳ ವೈಚಿತ್ರ್ಯವೂ ಒಂದೇ ಸರಪಳಿಯ ಕೊಂಡಿಗಳು ಎಂಬುದಕ್ಕೆ 2020ರ ಮಿಡತೆ ದಾಳಿಗಿಂತ ಒಳ್ಳೆಯ ನಿದರ್ಶನವಿಲ್ಲ. 2018ರ ಮೇ ತಿಂಗಳಲ್ಲಿ ಮೆಕುನು, ಅಕ್ಟೋಬರಿನಲ್ಲಿ ಲುಬಾನ್ ಎಂಬ ಚಂಡಮಾರುತಗಳು ಅರೇಬಿಯದ ರುಬ್ ಅಲ್ ಖಾಲಿ ಮರುಭೂಮಿಯನ್ನು ತೋಯಿಸಿದವು. ಮರುಭೂಮಿ ಮಿಡತೆ ಮೊಟ್ಟೆಯಿಡಲು ಹಸಿ ಮರಳು, ಮರಿಗಳಿಗೆ ಎಳೆ ಹಸಿರು ಬೇಕು. ಎರಡೂ ಸಿಕ್ಕಿ, ಜನವಸತಿಯಿಲ್ಲದ ಆ ಜಾಗದಲ್ಲಿ ಯಾರ ಕಣ್ಣಿಗೂ ಬೀಳದೆ ಮೂರು ತಲೆಮಾರು ಬೆಳೆದವು. ಅಲ್ಲಿಂದ ಯೆಮನ್, ಸೊಮಾಲಿಯ, ಕೆನ್ಯಗಳಿಗೂ ಇರಾನ್, ಪಾಕಿಸ್ತಾನ, ರಾಜಸ್ಥಾನಗಳಿಗೂ ಹರಡಿದವು. 2020ರ ಮೇ ತಿಂಗಳಲ್ಲಿ ಜೈಪುರದ ಮಾಳಿಗೆಗಳ ಮೇಲೆ ಮಿಡತೆ ಕವಿದಿತ್ತು. ಬೀದರ್, ಕಲಬುರಗಿಗಳಲ್ಲಿ ಕಟ್ಟೆಚ್ಚರ ಸಾರಿದರು. ಅದೇ ದಿನಗಳಲ್ಲಿ ಕೋಲಾರದ ಕಡೆ ಎಕ್ಕದ ಗಿಡದ ಮೇಲೆ ಗುಂಪಾಗಿ ಕೂತ ಬಣ್ಣಬಣ್ಣದ ಮಿಡತೆಗಳನ್ನು ಕಂಡು ಜನ ಹೆದರಿದರು. ಅವು ಎಕ್ಕದ ಎಲೆ ತಿಂದು ಬದುಕುವ, ಸದಾ ಅಲ್ಲೇ ಇರುವ ಸ್ಥಳೀಯ ಮಿಡತೆಗಳಾಗಿದ್ದವು.

ಸಾಮೂಹಿಕ ಸಾವು

2015ರ ಮೇ ತಿಂಗಳಲ್ಲಿ ಕಜಾಕ್‌ಸ್ತಾನದ ಹುಲ್ಲುಗಾವಲಿನಲ್ಲಿ ಮರಿ ಹಾಕಲು ಸೇರಿದ್ದ ಸೈಗಾ ಚಿಗರೆಗಳು ಮೂರು ವಾರಗಳೊಳಗೆ ಎರಡು ಲಕ್ಷಕ್ಕೂ ಹೆಚ್ಚು ಸತ್ತವು. ಕೊಂದದ್ದು ಅವುಗಳ ಗಂಟಲಿನಲ್ಲಿ ಎಂದಿನಿಂದಲೂ ತೆಪ್ಪಗಿರುತ್ತಿದ್ದ ಒಂದು ಬ್ಯಾಕ್ಟೀರಿಯ. ಸಾವಿಗೆ ಮುಂಚಿನ ದಿನಗಳಲ್ಲಿ ಅಲ್ಲಿ ಎಂದಿಲ್ಲದ ಬಿಸುಪು, ತೇವ ಇದ್ದದ್ದು ಅಂಕಿಅಂಶಗಳಿಂದ ಹೊರಬಂತು. 2018ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಉಷ್ಣತೆ 42 ಡಿಗ್ರಿ ದಾಟಿದ ಎರಡು ದಿನಗಳಲ್ಲಿ ಕನ್ನಡಕದಂಥ ಗುರುತಿನ ದೊಡ್ಡ ಬಾವಲಿಗಳು ಸುಮಾರು 23,000 ಸತ್ತು ಮರಗಳಿಂದ ಉದುರಿದವು. ಆ ದೇಶದಲ್ಲಿದ್ದ ಆ ಜಾತಿಯ ಬಾವಲಿಗಳಲ್ಲಿ ಅದು ಸುಮಾರು ಮೂರರಲ್ಲೊಂದು ಪಾಲು.

ತಪ್ಪಾಗಿ ಓದಿದ ಕುರುಹುಗಳು

ಯಾವುದೇ ಏರುಪೇರನ್ನು ಹವಾಗುಣದ ಹೆಸರಿಗೆ ಬರೆಯುವ ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ಕಳೆಯಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ 2017-18ರ ಹೊತ್ತಿಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದಾಗ ಊರಿನವರು ಮನೆಮಂದಿ ಸತ್ತಂತೆ ಮರುಗಿದರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಮೀನಿನ ಮೂಲಕ ಒಳಸೇರಿದ ಜಂತುಹುಳು. ಬಿದಿರು ಹೂಬಿಟ್ಟರೆ ಬರಗಾಲ ಎಂಬ ಹೆದರಿಕೆ ಹಳೆಯದು, ಆದರೆ ಬಿದಿರು ತನ್ನೊಳಗಿನ ದಶಕಗಳ ಲೆಕ್ಕಕ್ಕೆ ಹೂಬಿಡುತ್ತದೆ. ಬಾಬಾಬುಡನ್‌ಗಿರಿಯಲ್ಲಿ 2022ರಲ್ಲಿ ಕುರಿಂಜಿ ಅರಳಿದ್ದೂ ಇಂಥದ್ದೇ ಆವರ್ತದಿಂದ. ಕೋಸ್ಟರಿಕದ ಬಂಗಾರದ ಕಪ್ಪೆ 1989ರ ನಂತರ ಕಾಣದಾದಾಗ ಅದನ್ನು ಹವಾಗುಣ ಬದಲಾವಣೆಯ ಮೊದಲ ಬಲಿ ಎಂದು ಜಗತ್ತೇ ಹೇಳಿತು. ಮುಂದೆ ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ, ಆಗಿನ ಎಲ್ ನಿನೊ ಬರಗಳ ಪಾತ್ರವೂ ದೊಡ್ಡದೆಂದು ತಿಳಿಯಿತು. ಹಾಗೆಂದು ಕಪ್ಪೆಗಳು ಪಾರಾಗಿಲ್ಲ. ಜಗತ್ತಿನ ಉಭಯಚರಗಳಲ್ಲಿ ಶೇಕಡ 41 ಅಪಾಯದಲ್ಲಿವೆ ಎಂದೂ 2004ರ ಈಚೆಗೆ ಅವುಗಳ ಸ್ಥಿತಿ ಹದಗೆಡಲು ಹವಾಗುಣವೇ ಮುಖ್ಯ ಕಾರಣವಾಗುತ್ತಿದೆ ಎಂದೂ 2023ರ ಜಾಗತಿಕ ಸಮೀಕ್ಷೆ ಹೇಳಿದೆ.

ಹವಾಮಾನ ಘಟನೆಗಳಿಗೂ ಇಂಥ ತೂಗಿ ನೋಡುವ ವಿಧಾನ ಈಗ ಇದೆ. ಭೂಮಿ ಬೆಚ್ಚಗಾಗದೆ ಇದ್ದಿದ್ದರೆ ಈ ಘಟನೆ ಎಷ್ಟು ಅಪರೂಪವಾಗಿರುತ್ತಿತ್ತು ಎಂದು ಗಣಕ ಮಾದರಿಗಳಲ್ಲಿ ಲೆಕ್ಕಹಾಕುತ್ತಾರೆ. 2022ರ ಮಾರ್ಚ್, ಏಪ್ರಿಲ್ಲಿನಲ್ಲಿ ಉತ್ತರ ಭಾರತ ಮತ್ತು ಪಾಕಿಸ್ತಾನವನ್ನು ಬೇಯಿಸಿದ ಬಿಸಿಗಾಳಿಯ ಸಂಭವ ಸುಮಾರು 30 ಪಟ್ಟು ಹೆಚ್ಚಿತ್ತು ಎಂಬ ಅಂದಾಜು ಹೀಗೆ ಬಂದದ್ದು. ಪ್ರಾಣಿಗಳ ವರ್ತನೆಗೆ ಇಷ್ಟು ಖಚಿತ ಲೆಕ್ಕ ಇನ್ನೂ ಒದಗಿಲ್ಲ.

ಕಣ್ಣಿಗೆ ಬೀಳದ ಕುರುಹು

ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದು ವಂಶವಾಹಿಯಿಂದ ತೀರ್ಮಾನವಾಗುವುದಿಲ್ಲ, ಮೊಟ್ಟೆ ಹೂತಿರುವ ಮರಳಿನ ಶಾಖದಿಂದ ತೀರ್ಮಾನವಾಗುತ್ತದೆ. ಸುಮಾರು 29 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಸಮವಾಗಿ ಹುಟ್ಟುತ್ತವೆ. ಅದಕ್ಕಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಭಾಗದಲ್ಲಿ ಹುಟ್ಟಿದ ಎಳೆಯ ಹಸಿರಾಮೆಗಳಲ್ಲಿ ಶೇಕಡ 99ರಷ್ಟು ಹೆಣ್ಣು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಉತ್ತರ ಕನ್ನಡ, ಉಡುಪಿ ಜಿಲ್ಲೆಗಳ ತೀರಕ್ಕೂ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಬರುತ್ತವೆ. ರಾತ್ರಿ ದಡಕ್ಕೆ ಹತ್ತಿ, ಹಿಂಗಾಲಿನಿಂದ ಮೊಳದುದ್ದದ ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ ಮರಳುತ್ತವೆ. ಮೀನುಗಾರರು ಗೂಡು ಕಂಡು ತಿಳಿಸುತ್ತಾರೆ, ಅರಣ್ಯ ಇಲಾಖೆಯವರು ಬಲೆಯ ಬೇಲಿ ಕಟ್ಟಿ ನಾಯಿನರಿಗಳಿಂದ ಕಾಯುತ್ತಾರೆ. ಐವತ್ತು ದಿನಗಳ ಸುಮಾರಿಗೆ ಮರಿಗಳು ಮರಳು ಸರಿಸಿ ಮೇಲೆ ಬಂದು ನೀರಿನ ಕಡೆ ಓಡುತ್ತವೆ. ಎಲ್ಲವೂ ಒಂದೇ ಗಾತ್ರ, ಒಂದೇ ಬಣ್ಣ. ಹೊರಗಿನಿಂದ ನೋಡಿ ಗಂಡುಹೆಣ್ಣು ಬೇರ್ಪಡಿಸಲು ಬರುವುದಿಲ್ಲ. ಮೊಟ್ಟೆಗಳ ಪಕ್ಕ ಒಂದು ಉಷ್ಣತಾಮಾಪಕ ಹೂತು, ಐವತ್ತು ದಿನದ ಅಂಕಿಗಳನ್ನು ತೆಗೆದರೆ ಅಂದಾಜು ಸಿಗುತ್ತದೆ.